ಸುಂಕದವನ ಮುಂದೆ ಸುಖದುಃಖ

೧

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಕನ್ನಡನಾಡಿನ ಹಳೆಯ ವಿವೇಕ. ಎತ್ತಿನ ಮೇಲೆ ಹೇರು ಹೊರಿಸಿ ಘಟ್ಟವಿಳಿಯುತ್ತಿದ್ದ ವ್ಯಾಪಾರಿಗಳು ಅದನ್ನು ಗ್ರಂಥಗಳಿಂದ ಕಲಿತವರಲ್ಲ. ಕಟ್ಟೆಕಟ್ಟೆಯಲ್ಲಿಯೂ ನಿಂತು, ಹೇರನ್ನು ಬಿಚ್ಚಿ ತೋರಿಸಿ, ಹಣವನ್ನು ಎಣಿಸಿಕೊಟ್ಟು ಕಲಿತವರು. ಸುಂಕದವನು ದುಷ್ಟನೆಂದು ಆ ಮಾತಿನ ಅರ್ಥವಲ್ಲ. ಸುಂಕವೆತ್ತುವುದು ಅವನ ಉದ್ಯೋಗ, ಕಷ್ಟ ಕೇಳುವುದು ಅವನ ಉದ್ಯೋಗವಲ್ಲ ಎಂಬಷ್ಟೇ ಅದರ ತಾತ್ಪರ್ಯ. ಇಷ್ಟು ಸುಲಭವಾದ ತಿಳಿವಳಿಕೆಯನ್ನು ವಿದ್ಯಾವಂತರು ರಾಷ್ಟ್ರರಾಷ್ಟ್ರಗಳ ವ್ಯಾಪಾರದ ಪ್ರಸ್ತಾಪ ಬಂದೊಡನೆ ಮರೆತುಬಿಡುವುದು ಸೋಜಿಗದ ಸಂಗತಿ.

ಬ್ರಿಟನ್ ಐರೋಪ್ಯ ಆರ್ಥಿಕ ಸಮುದಾಯದ ಬಾಗಿಲನ್ನು ೧೯೬೧ರಲ್ಲಿ ಮೊದಲಬಾರಿಗೆ ತಟ್ಟಿತು. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ೧೯೬೩ರಲ್ಲಿ ಒಮ್ಮೆ, ೧೯೬೭ರಲ್ಲಿ ಮತ್ತೊಮ್ಮೆ ಆ ಬಾಗಿಲಿಗೆ ಅಗಣಿ ಹಾಕಿದನು. ಆತನು ಅಧಿಕಾರವನ್ನು ಬಿಟ್ಟ ತರುವಾಯ ನಡೆದ ಮಾತುಕತೆ ಫಲಿಸಿ, ೧೯೭೩ನೆಯ ಜನವರಿ ೧ರಂದು ಬ್ರಿಟನ್ ಆ ಮನೆಯನ್ನು ಹೊಕ್ಕಿತು. ಅಲ್ಲಿ ನಾಲ್ವತ್ತೇಳು ವರ್ಷವಿದ್ದು, ೨೦೧೬ರ ಜನಮತದಂತೆ ೨೦೨೦ನೆಯ ಜನವರಿ ೩೧ರಂದು ಹೊರಬಂದಿತು. ೨೦೨೫ನೆಯ ಜುಲೈ ೨೪ರಂದು ಭಾರತದೊಡನೆ ಒಂದು ವಿಸ್ತಾರವಾದ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿತು.

ಈ ವೃತ್ತಾಂತವನ್ನು ಕುರಿತು ದಕ್ಷಿಣ ಬೆಂಗಳೂರಿನ ಪಡಸಾಲೆಗಳಲ್ಲಿ ಮೂರು ಅಭಿಪ್ರಾಯಗಳು ಚಲಾವಣೆಯಲ್ಲಿವೆ. ಬ್ರಿಟನ್ ೧೯೭೩ರಲ್ಲಿ ತನ್ನ ಕಾಮನ್ವೆಲ್ತ್ ನಂಟರನ್ನು ಕೈಬಿಟ್ಟು ದ್ರೋಹ ಬಗೆಯಿತೆಂಬುದು ಮೊದಲನೆಯದು. ಇದು ಹಿರಿಯರ ಮಾತು. ಯೂರೋಪಿನ ಸಹವಾಸ ಸಾಕಾಗಿ ಹಳೆಯ ಗೆಳೆಯನು ಈಗ ಮನೆಗೆ ಮರಳಿದ್ದಾನೆ, ಅವನನ್ನು ಆದರಿಸಬೇಕೆಂಬುದು ಎರಡನೆಯದು. ಇದು ಮಗನನ್ನೋ ಮಗಳನ್ನೋ ಲಂಡನ್ನಿಗೆ ಕಳುಹಿಸಿದವರ ಮಾತು. ಇದೆಲ್ಲವೂ ದೆಹಲಿಯ ಪಂಡಿತರಿಗೆ ಬಿಟ್ಟ ವಿಷಯ, ಜಯನಗರದವರಿಗೂ ಬನಶಂಕರಿಯವರಿಗೂ ಇದರಿಂದ ಆಗತಕ್ಕದ್ದು ಹೋಗತಕ್ಕದ್ದು ಏನೂ ಇಲ್ಲವೆಂಬುದು ಮೂರನೆಯದು. ಇದು ಉಳಿದ ಬಹುಮಂದಿಯ ಮಾತು. ಮೂರೂ ತಪ್ಪು. ಮೊದಲ ಎರಡು ಇತಿಹಾಸವನ್ನರಿಯದ ತಪ್ಪು; ಮೂರನೆಯದು ಮಾತ್ರ ಅಪಾಯಕರವಾದ ತಪ್ಪು.

೨

ದ್ರೋಹವೆಂಬ ಮಾತಿಗೆ ಅರ್ಥ ಬರಬೇಕಾದರೆ ಅದಕ್ಕೆ ಮೊದಲು ಸ್ನೇಹವಿದ್ದಿರಬೇಕಷ್ಟೆ. ಕಾಮನ್ವೆಲ್ತ್ ರಿಯಾಯಿತಿಯೆಂದು ಕೊಂಡಾಡಲ್ಪಡುವ ಸುಂಕದ ಏರ್ಪಾಡು ಹುಟ್ಟಿದ ಬಗೆಯನ್ನು ನೋಡಿದರೆ, ಅದು ಸ್ನೇಹದ ಕೂಸಲ್ಲವೆಂಬುದು ಸ್ಪಷ್ಟವಾಗುತ್ತದೆ.

ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ೧೯೩೨ನೆಯ ಇಸವಿಯಲ್ಲಿ ಬ್ರಿಟನ್ ತಾನು ಬಹುಕಾಲ ಬೋಧಿಸಿಕೊಂಡು ಬಂದಿದ್ದ ಮುಕ್ತವ್ಯಾಪಾರ ತತ್ತ್ವವನ್ನು ತ್ಯಜಿಸಿ, ಹೊರಗಿನ ಸರಕುಗಳ ಮೇಲೆ ಸುಂಕದ ಗೋಡೆಯನ್ನೆಬ್ಬಿಸಿತು. ಸಾಮ್ರಾಜ್ಯದ ದೇಶಗಳಿಗೆ ಆ ವರ್ಷದ ನವೆಂಬರ್ ೧೫ರವರೆಗೆ ವಿನಾಯಿತಿ ಕೊಟ್ಟು, ಅಷ್ಟರೊಳಗೆ ಒಪ್ಪಂದಕ್ಕೆ ಬರತಕ್ಕದ್ದೆಂದು ಗಡುವು ಹಾಕಿತು. ಕೆನಡಾದೇಶದ ಒಟ್ಟಾವಾ ನಗರದಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಮ್ಮೇಳನ ಸೇರಿತು. ಸರ್ ಅತುಲ್ ಚಟರ್ಜಿಯವರ ನಾಯಕತ್ವದಲ್ಲಿ ಭಾರತದ ನಿಯೋಗವೊಂದು ಹೋಯಿತು. ಆ ನಿಯೋಗವನ್ನು ಆರಿಸಿದವರು ಭಾರತದ ಜನರಲ್ಲ, ಸರ್ಕಾರದವರು. ಭಾರತದ ಸರಕಿಗೆ ಬ್ರಿಟನ್ನಿನಲ್ಲಿ ರಿಯಾಯಿತಿ. ಪ್ರತಿಯಾಗಿ ಬ್ರಿಟನ್ನಿನ ಅನೇಕ ಸರಕುಗಳಿಗೆ ಭಾರತದಲ್ಲಿ ನೂರಕ್ಕೆ ಹತ್ತರಷ್ಟು, ಮೋಟಾರು ವಾಹನಗಳಿಗೆ ಏಳೂವರೆಯಷ್ಟು ರಿಯಾಯಿತಿ. ಹೊಸದಾಗಿ ಗೋಡೆ ಕಟ್ಟಿ, ಅದರಲ್ಲಿ ಒಂದು ಬಾಗಿಲನ್ನು ತೆರೆದು, ಆ ಬಾಗಿಲಿಗೆ ಬೆಲೆ ಕೇಳುವುದನ್ನು ವ್ಯಾಪಾರವೆನ್ನಬಹುದು, ವಾತ್ಸಲ್ಯವೆನ್ನಲಾಗದು.

ಜನರ ಮನಸ್ಸು ಏನಿತ್ತೆಂಬುದಕ್ಕೆ ಸಾಕ್ಷಿಯುಂಟು. ಕೇಂದ್ರ ಶಾಸನಸಭೆಯು ೧೯೩೬ರಲ್ಲಿ ಆ ಒಪ್ಪಂದವನ್ನು ಕೊನೆಗಾಣಿಸಬೇಕೆಂದು ನಿರ್ಣಯ ಮಾಡಿತು. ಅದರ ಬದಲಿಗೆ ೧೯೩೯ರಲ್ಲಿ ಹೊಸದೊಂದು ಒಪ್ಪಂದ ಬಂದಾಗ ಶಾಸನಸಭೆ ಅದನ್ನೂ ತಿರಸ್ಕರಿಸಿತು. ಸರ್ಕಾರ ಲಕ್ಷಿಸದೆ ಅದನ್ನು ಜಾರಿಗೆ ತಂದಿತು.

ಮೈಸೂರಿನ ಪಾಡು ಇನ್ನೂ ವಿಚಿತ್ರವಾಗಿದ್ದಿತು. ಸಂಸ್ಥಾನಕ್ಕೆ ಸ್ವಂತ ಬಂದರಿಲ್ಲ. ಮದರಾಸಿನಲ್ಲಿ, ಬೊಂಬಾಯಿಯಲ್ಲಿ ಇಳಿದ ಸರಕಿಗೆ ತೆತ್ತ ಕಡಲಸುಂಕವನ್ನು ಕೊನೆಗೆ ಹೊರುತ್ತಿದ್ದವನು ಮೈಸೂರಿನ ಪ್ರಜೆ. ಆ ಹಣ ಸೇರುತ್ತಿದ್ದುದು ಭಾರತ ಸರ್ಕಾರದ ಬೊಕ್ಕಸಕ್ಕೆ. ಗಂಧದೆಣ್ಣೆ ಮೊದಲಾದ ಪದಾರ್ಥಗಳನ್ನು ಮಾರುವುದಕ್ಕಾಗಿ ಲಂಡನ್ನಿನಲ್ಲಿ ಮೈಸೂರು ಸರ್ಕಾರದ ವ್ಯಾಪಾರ ಪ್ರತಿನಿಧಿಯೊಬ್ಬನಿರುತ್ತಿದ್ದನು. ಅವನು ಗಿರಾಕಿಯನ್ನು ಹುಡುಕಬಹುದಾಗಿದ್ದಿತು. ಸುಂಕದ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ಅವನಿಗಾಗಲಿ ಅವನನ್ನು ಕಳುಹಿಸಿದ ಸರ್ಕಾರಕ್ಕಾಗಲಿ ಇರಲಿಲ್ಲ. ಬೆಳೆಯುವವರು ಒಬ್ಬರು, ಬಾಗಿಲಿನ ಬೀಗದ ಕೈ ಹಿಡಿದವರು ಇನ್ನೊಬ್ಬರು ಎಂಬ ಈ ಸ್ಥಿತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

೩

ಜಯನಗರಕ್ಕೆ ಅಡಿಗಲ್ಲು ಬಿದ್ದುದು ಚಕ್ರವರ್ತಿ ರಾಜಗೋಪಾಲಾಚಾರ್ಯರು ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ. ಆ ಪದವಿ ಇಂಗ್ಲೆಂಡಿನ ದೊರೆಯ ಪ್ರತಿನಿಧಿಯ ಪದವಿ. ಸ್ವತಂತ್ರವಾದ ಮೇಲೂ ೧೯೫೦ನೆಯ ಜನವರಿ ೨೬ರವರೆಗೆ ಭಾರತ ಡೊಮಿನಿಯನ್ ಆಗಿಯೇ ಇದ್ದಿತು. ಗಣರಾಜ್ಯವಾದ ಮೇಲೆಯೂ ಕಾಮನ್ವೆಲ್ತಿನಲ್ಲಿ ಉಳಿಯುವುದೆಂದು ೧೯೪೯ರ ಏಪ್ರಿಲ್ ತಿಂಗಳಿನಲ್ಲಿ ಲಂಡನ್ನಿನಲ್ಲಿ ತೀರ್ಮಾನವಾಯಿತು. ಆ ತೀರ್ಮಾನಕ್ಕೆ ರಾಜಕೀಯ ಕಾರಣಗಳಿದ್ದುವು; ಅವು ಇಲ್ಲಿ ಪ್ರಕೃತವಲ್ಲ. ಆದರೆ ಅದರಿಂದ ಬ್ರಿಟನ್ನಿನ ಮಾರುಕಟ್ಟೆ ಭಾರತಕ್ಕೆ ಶಾಶ್ವತವಾಗಿ ತೆರೆದಿರುವುದೆಂದು ನಂಬಿದವರು ಬಹುಬೇಗ ನಿರಾಶರಾದರು.

ಬ್ರಿಟನ್ ಯೂರೋಪನ್ನು ಸೇರುವುದಕ್ಕೆ ಎಷ್ಟೋ ಮೊದಲೇ ಬಾಗಿಲು ಕಿರಿದಾಗತೊಡಗಿತ್ತು. ಲ್ಯಾಂಕಷೈರಿನ ಗಿರಣಿಗಳ ಹಿತಕ್ಕಾಗಿ ಹಾಂಗ್‌ಕಾಂಗ್, ಭಾರತ, ಪಾಕಿಸ್ತಾನಗಳು ತಮ್ಮ ಹತ್ತಿಬಟ್ಟೆಯ ರಫ್ತನ್ನು ೧೯೫೯ರ ಸುಮಾರಿನಿಂದ ಸ್ವಯಿಚ್ಛೆಯೆಂಬ ಹೆಸರಿನಲ್ಲಿ ಮಿತಗೊಳಿಸಬೇಕಾಯಿತು. ೧೯೭೨ನೆಯ ಜನವರಿಯಿಂದ ಕಾಮನ್ವೆಲ್ತಿನ ಹತ್ತಿಬಟ್ಟೆಯ ಮೇಲೆ ನೂರಕ್ಕೆ ಹದಿನೈದರಷ್ಟು ಸುಂಕವೇ ಬಿದ್ದಿತು. ಯೂರೋಪಿನೊಡನೆ ಮೊದಲ ಮಾತುಕತೆ ನಡೆಯುತ್ತಿದ್ದ ೧೯೬೨ನೆಯ ವರ್ಷದಲ್ಲಿಯೇ ಕಾಮನ್ವೆಲ್ತಿನ ಪ್ರಜೆಗಳ ಪ್ರವೇಶವನ್ನು ಕಟ್ಟುಮಾಡುವ ಕಾಯಿದೆಯೂ ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ಸರಕಿಗೆ ಒಂದು ಕಟ್ಟೆ, ಮನುಷ್ಯನಿಗೆ ಇನ್ನೊಂದು ಕಟ್ಟೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಮನ್ವೆಲ್ತ್ ಪ್ರಧಾನಿಗಳು ಲಂಡನ್ನಿನಲ್ಲಿ ಸೇರಿದಾಗ ಜವಹರಲಾಲ್ ನೆಹರೂ ಮೊದಲಾದವರು ತಮ್ಮ ತಮ್ಮ ದೇಶಗಳ ಆತಂಕವನ್ನು ಮುಂದಿಟ್ಟರು. ಸುಖದುಃಖ ಹೇಳಿಕೊಂಡದ್ದಾಯಿತು. ಸುಂಕದವನು ಸೌಜನ್ಯದಿಂದ ಕೇಳಿದನು, ಅಷ್ಟೇ.

೧೯೭೨ರ ಪ್ರವೇಶ ಒಪ್ಪಂದದಲ್ಲಿ ಯಾರಿಗೆ ಏನು ದೊರಕಿತೆಂಬುದನ್ನು ನೋಡಿದರೆ ನಂಟಸ್ತಿಕೆಯ ತಾರತಮ್ಯ ತಿಳಿಯುತ್ತದೆ. ನ್ಯೂಜಿಲೆಂಡಿನ ಬೆಣ್ಣೆ ಮತ್ತು ಗಿಣ್ಣಿಗಾಗಿಯೇ ಪ್ರತ್ಯೇಕವಾದ ಒಂದು ವಿಧಿ ಬರೆಯಲ್ಪಟ್ಟು, ವರ್ಷವರ್ಷಕ್ಕೆ ಇಷ್ಟಿಷ್ಟು ಸರಕು ಬ್ರಿಟನ್ನಿಗೆ ಬರಬಹುದೆಂದು ನಿಶ್ಚಯವಾಯಿತು. ಆಫ್ರಿಕ, ಕೆರೀಬಿಯನ್ ಮತ್ತು ಪೆಸಿಫಿಕ್ ಪ್ರದೇಶಗಳ ಕಾಮನ್ವೆಲ್ತ್ ದೇಶಗಳಿಗೆ ಸಮುದಾಯದೊಡನೆ ಸಂಬಂಧ ಬೆಳಸುವ ಹಾದಿ ತೆರೆಯಿತು. ಅದರ ಫಲವೇ ೧೯೭೫ರ ಲೋಮೆ ಒಪ್ಪಂದ. ಭಾರತ, ಸಿಲೋನು, ಮಲೇಶಿಯ, ಪಾಕಿಸ್ತಾನ, ಸಿಂಗಪುರಗಳಿಗೆ ದೊರೆತುದು ಒಂದು ಸದುದ್ದೇಶದ ಘೋಷಣೆ. ಬೆಣ್ಣೆಗೆ ಲೆಕ್ಕ, ಭಾರತಕ್ಕೆ ಉದ್ದೇಶ! ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ದೊರೆಯದು.

ಹೀಗಿದ್ದರೂ ೧೯೭೩ರಲ್ಲಿ ಭಾರತದ ಮನೆ ಮುಳುಗಲಿಲ್ಲ. ೧೯೬೦-೬೧ರಲ್ಲಿ ದೇಶದ ರಫ್ತಿನ ಸುಮಾರು ಕಾಲುಭಾಗ ಬ್ರಿಟನ್ನಿಗೆ ಹೋಗುತ್ತಿದ್ದಿತು. ಹತ್ತೇ ವರ್ಷಗಳಲ್ಲಿ ಅದು ನೂರಕ್ಕೆ ಹನ್ನೊಂದರ ಆಸುಪಾಸಿಗೆ ಇಳಿದಿದ್ದಿತು. ವ್ಯಾಪಾರಿಗಳು ಬೇರೆ ದಾರಿಯನ್ನು ಆಗಲೇ ಹಿಡಿದಿದ್ದರು. ೧೯೭೩ನೆಯ ಡಿಸೆಂಬರಿನಲ್ಲಿ ಭಾರತ ಐರೋಪ್ಯ ಸಮುದಾಯದೊಡನೆಯೇ ನೇರವಾಗಿ ವಾಣಿಜ್ಯ ಸಹಕಾರದ ಒಪ್ಪಂದ ಮಾಡಿಕೊಂಡಿತು. ಆದುದರಿಂದ ದ್ರೋಹವೆಂಬ ಮಾತಿಗೂ ಸರ್ವನಾಶವೆಂಬ ಮಾತಿಗೂ ಆಧಾರವಿಲ್ಲ. ಬ್ರಿಟನ್ ತನ್ನ ಹಿತವನ್ನು ನೋಡಿಕೊಂಡಿತು, ಅದು ಸ್ವಾಭಾವಿಕ. ೨೦೨೫ರಲ್ಲಿಯೂ ಅದು ಮಾಡಿರುವುದು ಅದನ್ನೇ. ಹಳೆಯ ಗೆಳೆಯನು ಮರಳಿ ಬಂದನೆಂದು ಹಿಗ್ಗುವವರು, ಅವನು ಬಂದಿರುವುದು ಹೊಸ ಗಿರಾಕಿಯನ್ನು ಹುಡುಕಿಕೊಂಡು ಎಂಬುದನ್ನು ಮರೆಯಬಾರದು. ಗಿರಾಕಿಯಾಗಿ ಬಂದವನನ್ನು ಗಿರಾಕಿಯಂತೆ ಮರ್ಯಾದೆಯಿಂದ ಕಾಣುವುದೇ ಉಭಯರಿಗೂ ಕ್ಷೇಮ.

೪

ಇದರಿಂದ ಕನ್ನಡನಾಡಿಗೇನಾಗಬೇಕೆಂಬ ಪ್ರಶ್ನೆಗೆ ಉತ್ತರ ಕೊಡಲು ಪ್ರತಿದಿನವೂ ಬೆಳಗ್ಗೆ ಮನೆಮನೆಯಲ್ಲಿ ಇಳಿಯುವ ಕಾಫಿಯ ಡಿಕಾಕ್ಷನ್ನೇ ಸಾಕು.

ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಷ್ಟು ಕರ್ನಾಟಕದ ಮೂರು ಜಿಲ್ಲೆಗಳಾದ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಬೆಳೆಯುತ್ತದೆ. ಒಂದು ಕಾಲದಲ್ಲಿ ಅದರ ಕಣ್ಣೆಲ್ಲ ಲಂಡನ್ನಿನ ಮೇಲಿದ್ದಿತು. ಎರಡನೆಯ ಮಹಾಯುದ್ಧ ಬಂದು ಹಡಗಿನ ದಾರಿ ಕಟ್ಟಿ, ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ತೋಟದವರು ದಿಕ್ಕುಗೆಟ್ಟರು. ಆಗ, ೧೯೪೦ರಲ್ಲಿ, ಸುಗ್ರೀವಾಜ್ಞೆಯ ಮೂಲಕವೂ ೧೯೪೨ರಲ್ಲಿ ಕಾಯಿದೆಯ ಮೂಲಕವೂ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಏರ್ಪಾಡಾಯಿತು. ಅದೇ ಮುಂದೆ ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕಾಫಿ ಮಂಡಳಿ. ಊರೂರಿನಲ್ಲಿ ಇಂಡಿಯಾ ಕಾಫಿ ಹೌಸುಗಳು ಹಬ್ಬಿದುವು. ಮಂಡಳಿ ಅವುಗಳನ್ನು ಮುಚ್ಚಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲನೆಯ ಸಂಘ ೧೯೫೭ರಲ್ಲಿ ಹುಟ್ಟಿದುದು ಬೆಂಗಳೂರಿನಲ್ಲಿಯೇ. ಲಂಡನ್ನು ಕೈಬಿಟ್ಟಾಗ ಕಾಫಿ ಬೆಳೆಗಾರನನ್ನು ಎತ್ತಿಹಿಡಿದವನು ಗಾಂಧಿಬಜಾರಿನ ಹೋಟೆಲಿನಲ್ಲಿ ಕಾಸು ಕೊಟ್ಟು ಅರ್ಧ ಲೋಟ ಕುಡಿಯುವ ಸಾಮಾನ್ಯ ಮನುಷ್ಯನೇ ಹೊರತು ಸಾಮ್ರಾಜ್ಯದ ಬಂಧುವಲ್ಲ.

ಈಗಲೂ ಹೊರನಾಡಿಗೆ ಹೋಗುವ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯ ಮೊದಲಾದವು, ಇವರಾರೂ ಕಾಮನ್ವೆಲ್ತಿನವರಲ್ಲ. ಹಾಗಾದರೆ ಈ ಬೆಳೆಗಾರನ ಚಿಂತೆ ಏನು? ಐರೋಪ್ಯ ಒಕ್ಕೂಟವು ೨೦೨೩ರಲ್ಲಿ ಒಂದು ಕಾಯಿದೆ ಮಾಡಿದೆ. ೨೦೨೦ನೆಯ ಡಿಸೆಂಬರ್ ೩೧ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅದು ಒಳಗೆ ಬಿಡುವುದಿಲ್ಲ. ಯಾವ ತಾಕಿನಲ್ಲಿ ಬೆಳೆಯಿತೆಂಬುದನ್ನು ಅಕ್ಷಾಂಶ ರೇಖಾಂಶಗಳೊಡನೆ ತೋರಿಸಿಕೊಡಬೇಕು. ಕಾಡನ್ನುಳಿಸುವ ಉದ್ದೇಶ ಶ್ಲಾಘ್ಯವಾದುದೇ. ಆದರೆ ಕೊಡಗಿನ ಕಾಫಿ ಬಯಲಿನ ಬೆಳೆಯಲ್ಲ. ಬೀಟೆ, ಹಲಸು, ಅತ್ತಿಯಂಥ ಮರಗಳ ನೆರಳಿನಲ್ಲಿ ಬೆಳೆಯುವಂಥದು. ಬೆಳೆಗಾರರಲ್ಲಿ ಬಹುತೇಕ ಎಲ್ಲರೂ ಸಣ್ಣ ಹಿಡುವಳಿಯವರು. ನೆರಳಿನಲ್ಲಿ ಕೃಷಿ ಮಾಡಿ ಕಾಡನ್ನು ಕಾಪಾಡಿದವನೇ ತಾನು ಕಾಡು ಕಡಿಯಲಿಲ್ಲವೆಂದು ರುಜುವಾತು ಮಾಡುತ್ತ ನಿಲ್ಲಬೇಕಾಗಿದೆ. ಆ ಕಾಯಿದೆಯ ಜಾರಿಯನ್ನು ಒಕ್ಕೂಟ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದೆ. ಹಾಗೆ ಹಾಕಿಸಿದುದು ಹಲವು ದೇಶಗಳ ಒತ್ತಾಯ ಮತ್ತು ಯೂರೋಪಿನ ವರ್ತಕರದೇ ಗೊಂದಲ. ಸೋಮವಾರಪೇಟೆಯ ಸಣ್ಣ ಬೆಳೆಗಾರನ ಕಷ್ಟವನ್ನು ಅಲ್ಲಿ ಯಾರು ಹೇಳಿದರು, ಯಾವ ಅಧಿಕಾರದಿಂದ ಹೇಳಿದರು?

೫

ಬಿ. ಟಿ. ಎಂ. ಬಡಾವಣೆಯ ಅಂಚಿನಲ್ಲಿ ಸಿಲ್ಕ್ ಬೋರ್ಡೆಂಬ ಸ್ಥಳವಿದೆ. ವಾಹನಗಳ ಜಂಗುಳಿಯಲ್ಲಿ ಸಿಕ್ಕಿ ಅದನ್ನು ಶಪಿಸದ ಬೆಂಗಳೂರಿಗನಿಲ್ಲ. ಆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿ ೧೯೪೮ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ. ಅಲ್ಲಿಂದ ಪಶ್ಚಿಮಕ್ಕೆ ಬಂದರೆ ಬಸವನಗುಡಿಗೂ ಜಯನಗರಕ್ಕೂ ನಡುವೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೇಟ್‌ಜಿ ಟಾಟಾ ಅವರು ಮೈಸೂರು ಸರ್ಕಾರದ ಸಹಾಯದಿಂದ ಜಪಾನೀಯರ ಪದ್ಧತಿಯನ್ನು ಕಲಿಸುವುದಕ್ಕಾಗಿ ಅಲ್ಲಿ ರೇಷ್ಮೆಯ ತೋಟವೊಂದನ್ನು ಮಾಡಿಸಿದರು. ಹೀಗೆ ದಕ್ಷಿಣ ಬೆಂಗಳೂರಿನ ಎರಡು ತುದಿಗಳಲ್ಲಿ ರೇಷ್ಮೆಯ ಹೆಸರು ನಿಂತಿದೆ. ಹೆಸರಿನ ಹಿಂದಿನ ಹುಳು ಸಾಕುವವನ ನೆನಪು ಮಾತ್ರ ಯಾರಿಗೂ ಇಲ್ಲ.

೧೯೩೦ರ ದಶಕದಲ್ಲಿ ಜಪಾನು, ಚೀನಗಳ ಅಗ್ಗದ ರೇಷ್ಮೆ ನುಗ್ಗಿಬಂದು ಮೈಸೂರಿನ ಹಿಪ್ಪುನೇರಳೆ ತೋಟಗಳು ಒಣಗಿದಾಗ, ಸುಂಕ ಮಂಡಳಿಯ ವಿಚಾರಣೆ ನಡೆದು ೧೯೩೪ರಲ್ಲಿ ರಕ್ಷಣೆ ಬರುವಷ್ಟರಲ್ಲಿ ಅನೇಕರು ಕಸುಬು ಬಿಟ್ಟಿದ್ದರು. ಅದು ಪರರಾಜ್ಯದ ಕಾಲವಾಯಿತು. ಹೋಗಲಿ ಎನ್ನೋಣವೆಂದರೆ ಸ್ವರಾಜ್ಯದಲ್ಲಿಯೂ ಆದುದು ಅದೇ. ೨೦೧೧ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾರೇಷ್ಮೆಯ ಆಮದು ಸುಂಕ ನೂರಕ್ಕೆ ಮೂವತ್ತರಿಂದ ಒಮ್ಮೆಗೇ ಐದಕ್ಕಿಳಿಯಿತು. ಗೂಡಿನ ಬೆಲೆ ಕುಸಿಯಿತು. ರಾಮನಗರ ಮೊದಲಾದ ಕಡೆಗಳಲ್ಲಿ ರೈತರು ಬೀದಿಗಿಳಿದರು. ೨೦೧೩ರಲ್ಲಿ ಸುಂಕವನ್ನು ಹದಿನೈದಕ್ಕೇರಿಸಿದರೂ ನಡುವಣ ಎರಡು ವರ್ಷಗಳ ನಷ್ಟವನ್ನು ತುಂಬಿಕೊಟ್ಟವರಿಲ್ಲ. ನೇಯುವವರಿಗೆ ಅಗ್ಗವಾದ ನೂಲು ಬೇಕೆಂಬುದು ನಿಜ; ಆ ವಾದಕ್ಕೂ ತೂಕವಿದೆ. ಆದರೆ ದೇಶದಲ್ಲೆಲ್ಲ ಅತಿ ಹೆಚ್ಚಾಗಿ ರೇಷ್ಮೆ ಬೆಳೆಯುವ ನಾಡನ್ನು ಒಂದು ಮಾತು ಕೇಳಿ ತೂಗಬೇಕಾಗಿದ್ದಿತಲ್ಲವೆ? ಒಟ್ಟಾವಾದಲ್ಲಿ ಮೈಸೂರು ಹೊರಗೆ ನಿಂತಿದ್ದಿತು. ೨೦೧೧ರಲ್ಲಿ ಕರ್ನಾಟಕವೂ ಹೊರಗೆ ನಿಂತಿದ್ದಿತು.

ಇನ್ನು ಹಾಲಿನ ವಿಚಾರ. ಡೈರಿ ಸರ್ಕಲಿನ ಬಳಿ ಕರ್ನಾಟಕ ಹಾಲು ಮಹಾಮಂಡಳದ ಕಚೇರಿಯಿದೆ. ಬೆಳಗಾಗುವ ಮುನ್ನ ಹಳ್ಳಿಯ ಹೆಂಗಸು ಕರೆದು ಸಂಘಕ್ಕೆ ಹಾಕಿದ ಹಾಲು, ಬೆಳಗಾದ ಮೇಲೆ ಜೆ. ಪಿ. ನಗರದ ಬಾಗಿಲಿಗೆ ಬರುತ್ತದೆ. ಇಲ್ಲಿಗೂ ೧೯೭೨ರ ನ್ಯೂಜಿಲೆಂಡ್ ಬೆಣ್ಣೆಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಪ್ರತ್ಯೇಕ ವಿಧಿ ದೊರೆತರೂ ಬ್ರಿಟನ್ನಿನಲ್ಲಿ ಆ ಬೆಣ್ಣೆಯ ಪಾಲು ವರ್ಷವರ್ಷಕ್ಕೆ ಕುಗ್ಗಬೇಕೆಂದೇ ಗೊತ್ತಾಗಿದ್ದಿತು. ಒಂದೇ ಗಿರಾಕಿಯನ್ನು ನಂಬಿದ್ದ ಆ ದೇಶ ಲೋಕದಲ್ಲೆಲ್ಲ ಹೊಸ ಮಾರುಕಟ್ಟೆ ಹುಡುಕಿತು. ಹುಡುಕಿ ಹಾಲಿನ ವ್ಯಾಪಾರದಲ್ಲಿ ಲೋಕದ ಅಗ್ರಗಣ್ಯರಲ್ಲೊಂದಾಯಿತು. ಏಷ್ಯ-ಪೆಸಿಫಿಕ್ ಪ್ರದೇಶದ ಹದಿನಾರು ದೇಶಗಳ ಮುಕ್ತವ್ಯಾಪಾರ ಕೂಟಕ್ಕಾಗಿ ೨೦೧೨ರಲ್ಲಿ ಮಾತುಕತೆ ಆರಂಭವಾದಾಗ ಭಾರತವೂ ನ್ಯೂಜಿಲೆಂಡೂ ಒಂದೇ ಮೇಜಿನಲ್ಲಿ ಕುಳಿತುವು. ಆ ಕೂಟ ಕೈಗೂಡಿದರೆ ನ್ಯೂಜಿಲೆಂಡಿನ ಹಾಲುಪುಡಿಯ ಮುಂದೆ ಮಂಡ್ಯ, ಕೋಲಾರ, ತುಮಕೂರುಗಳ ಎರಡು ಹಸುವಿನ ಮನೆ ನಿಲ್ಲಲಾರದೆಂದು ಹಾಲಿನ ಸಂಘಗಳು ಕೂಗಿಕೊಂಡುವು. ಕೊನೆಗೆ ೨೦೧೯ನೆಯ ನವೆಂಬರ್ ೪ರಂದು ಬ್ಯಾಂಕಾಕಿನಲ್ಲಿ ಭಾರತ ಕೂಟದಿಂದ ಹಿಂದೆಗೆಯಿತು. ಏಳು ವರ್ಷ ಮೇಜಿನಲ್ಲಿ ಕುಳಿತು, ಸಹಿಯ ಹೊಸ್ತಿಲಿನಲ್ಲಿ ಏಳುವುದು ರಾಜನೀತಿಗೆ ಭೂಷಣವಲ್ಲ. ಹಾಲು ಕರೆಯುವವರನ್ನು ಮೊದಲ ವರ್ಷವೇ ಕೇಳಿದ್ದರೆ ಆ ಮಾತು ಆಗಲೇ ತಿಳಿಯುತ್ತಿದ್ದಿತು.

೬

ಕಾಫಿ, ರೇಷ್ಮೆ, ಹಾಲು: ಮೂರರಲ್ಲಿಯೂ ರೋಗ ಒಂದೇ. ಬೆಳೆಯುವ ನಾಡಿಗೆ ಬಾಗಿಲಿನ ಮಾತಿನಲ್ಲಿ ಪಾಲಿಲ್ಲ.

ಭಾರತದ ಸಂವಿಧಾನದಲ್ಲಿ ವ್ಯವಸಾಯವು ರಾಜ್ಯಗಳ ಪಟ್ಟಿಗೆ ಸೇರಿದುದು. ಪರದೇಶಗಳೊಡನೆ ಒಪ್ಪಂದ, ಪರದೇಶ ವ್ಯಾಪಾರ, ಆಮದುಸುಂಕಗಳು ಕೇಂದ್ರದ ಪಟ್ಟಿಗೆ ಸೇರಿದುವು. ಒಪ್ಪಂದವನ್ನು ನೆರವೇರಿಸುವುದಕ್ಕಾಗಿ ಯಾವ ವಿಷಯದಲ್ಲಿಯಾದರೂ ಶಾಸನ ಮಾಡುವ ಅಧಿಕಾರವನ್ನು ೨೫೩ನೆಯ ವಿಧಿ ಸಂಸತ್ತಿಗೆ ಕೊಟ್ಟಿದೆ. ಹೀಗೆ ಬೆಳೆಯ ಹೊಣೆ ಬೆಂಗಳೂರಿನ ವಿಧಾನಸೌಧದ ಮೇಲೆ. ಬೆಳೆಗೆ ಬೆಲೆ ಬರುವುದೋ ಇಲ್ಲವೋ ಎಂಬುದರ ನಿರ್ಣಯ ಇನ್ನೊಂದೆಡೆ. ರೈತ ಕೆಟ್ಟಾಗ ಸಾಲ ಮನ್ನಾ ಮಾಡಬೇಕಾದುದು ರಾಜ್ಯ. ಅವನು ಕೆಡಬಹುದಾದ ಒಪ್ಪಂದದ ಕರಡನ್ನು ನೋಡುವ ಹಕ್ಕು ಮಾತ್ರ ಅದಕ್ಕಿಲ್ಲ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದುದಲ್ಲ. ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯಲ್ಲಿ ಸಂವಿಧಾನದ ಕಾರ್ಯವಿಧಾನವನ್ನು ಪರಾಮರ್ಶಿಸಿದ ರಾಷ್ಟ್ರೀಯ ಆಯೋಗವು ೨೦೦೨ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ರಾಜ್ಯಪಟ್ಟಿಯ ವಿಷಯಗಳಲ್ಲಿ ರಾಜ್ಯಗಳ ಹಿತಕ್ಕೆ ಬಲವಾಗಿ ತಟ್ಟುವ ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಅಂತರರಾಜ್ಯ ಪರಿಷತ್ತಿನೊಡನೆ ಸಮಾಲೋಚಿಸುವ ವಿಚಾರವನ್ನು ಕೇಂದ್ರ ಪರಿಶೀಲಿಸಬೇಕೆಂದು ಅದು ಸೂಚಿಸಿತು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲದಲ್ಲಿ ಅದು ಸ್ಥಿರವಾದ ಪದ್ಧತಿಯಾಗಿ ಬೇರೂರಲಿಲ್ಲ.

ಕಾಮನ್ವೆಲ್ತಿನಿಂದ ಕಲಿಯಬೇಕಾದುದೊಂದಿದ್ದರೆ ಅದು ಕೆನಡಾದಿಂದ. ಐರೋಪ್ಯ ಒಕ್ಕೂಟದೊಡನೆ ಕೆನಡಾ ವ್ಯಾಪಾರ ಒಪ್ಪಂದದ ಮಾತುಕತೆ ನಡೆಸಿದಾಗ ಅದರ ಪ್ರಾಂತಗಳ ಪ್ರತಿನಿಧಿಗಳೂ ಜೊತೆಗೆ ಕುಳಿತರು. ಅದೇ ಒಪ್ಪಂದವನ್ನು ೨೦೧೬ನೆಯ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ವಲೋನಿಯ ಎಂಬ ಪ್ರಾಂತದ ಸಂಸತ್ತು ತಡೆದು ನಿಲ್ಲಿಸಿತು. ಆ ಪ್ರಾಂತದ ಜನಸಂಖ್ಯೆ ಸುಮಾರು ೩೬ ಲಕ್ಷ. ರೈತರ ವಿಷಯದಲ್ಲಿಯೂ ವ್ಯಾಜ್ಯ ತೀರಿಸುವ ನ್ಯಾಯಮಂಡಲಿಯ ವಿಷಯದಲ್ಲಿಯೂ ಸ್ಪಷ್ಟೀಕರಣವನ್ನು ಪಡೆದ ಮೇಲೆಯೇ ಅದು ದಾರಿ ಬಿಟ್ಟಿತು. ಒಪ್ಪಂದ ಮುರಿಯಲಿಲ್ಲ, ಸುಧಾರಿಸಿತು. ೨೦೧೧ರ ಗಣತಿಯಂತೆ ೬ ಕೋಟಿ ೧೧ ಲಕ್ಷ ಜನರಿರುವ ಕರ್ನಾಟಕಕ್ಕೆ ವಲೋನಿಯಕ್ಕಿರುವ ತಡೆಯುವ ಹಕ್ಕು ಬೇಡ. ಕೇಳಿಸಿಕೊಳ್ಳಲ್ಪಡುವ ಹಕ್ಕಾದರೂ ಬೇಡವೆ?

೭

ಇದಕ್ಕೆ ಎದುರಾಗಿ ಹೇಳಬಹುದಾದುದನ್ನೂ ಪರಿಶೀಲಿಸುವುದು ನ್ಯಾಯ.

ಇಷ್ಟೊಂದು ರಾಜ್ಯಗಳು ಬಾಯಿ ತೆರೆದರೆ ಯಾವ ಒಪ್ಪಂದವೂ ಆಗದೆಂದು ಕೆಲವರು ಹೇಳುತ್ತಾರೆ. ಸಲಹೆ ಕೇಳುವುದು ಬೇರೆ, ಅಪ್ಪಣೆ ಬೇಡುವುದು ಬೇರೆ. ಮದುವೆಯಲ್ಲಿ ಮನೆಮಂದಿಯನ್ನೆಲ್ಲ ಕೇಳುತ್ತಾರೆ. ಅದರಿಂದ ಮದುವೆಗಳು ನಿಂತುಹೋಗಿಲ್ಲ. ಕೇಳದೆ ಮಾಡಿದ ಮದುವೆಗಳಲ್ಲಿಯೇ ಜಗಳ ಹೆಚ್ಚು. ಬ್ರಿಟನ್ನಿನ ಉದಾಹರಣೆಯೇ ಕಣ್ಣೆದುರಿಗಿದೆ: ೨೦೧೬ರ ಜನಮತದಲ್ಲಿ ಸ್ಕಾಟ್ಲೆಂಡಿನವರು ನೂರಕ್ಕೆ ಅರುವತ್ತೆರಡರಷ್ಟು ಯೂರೋಪಿನಲ್ಲಿ ಉಳಿಯಲು ಮತವಿತ್ತರೂ ಇಡೀ ದೇಶದ ಎಣಿಕೆಯಲ್ಲಿ ಅದು ಮುಳುಗಿಹೋಯಿತು, ಆ ಹುಣ್ಣು ಈಗಲೂ ಮಾಗಿಲ್ಲ.

ಒಪ್ಪಂದಗಳಿಂದ ಕರ್ನಾಟಕಕ್ಕೆ ಲಾಭವೂ ಉಂಟಲ್ಲವೆ ಎಂದು ಇನ್ನು ಕೆಲವರು ಕೇಳುತ್ತಾರೆ. ನಿಸ್ಸಂದೇಹವಾಗಿ ಉಂಟು. ಬೊಮ್ಮನಹಳ್ಳಿ, ಹೊಸೂರು ರಸ್ತೆಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಾರೆ. ಅವರು ಹೊಲಿದ ಅಂಗಿಗೆ ಬ್ರಿಟನ್ನಿನಲ್ಲಿ ಸುಂಕವಿದ್ದು, ಬಾಂಗ್ಲಾದೇಶದ ಅಂಗಿಗೆ ಇಲ್ಲದಿದ್ದುದು ಆ ಕಸುಬಿಗೆ ಪೆಟ್ಟಾಗಿದ್ದಿತು. ೨೦೨೫ರ ಒಪ್ಪಂದ ಆ ಭೇದವನ್ನು ಅಳಿಸಲು ಹೊರಟಿದೆ. ಅಲ್ಪಾವಧಿಗೆ ಅಲ್ಲಿಗೆ ಹೋಗುವ ನೌಕರರು ಎರಡೆರಡು ಕಡೆ ವಿಮೆಯ ಹಣ ಕಟ್ಟುವುದೂ ತಪ್ಪಲಿದೆ. ಇವೆಲ್ಲ ಒಳ್ಳೆಯವೇ. ಆದರೆ ಲಾಭವನ್ನು ಪಡೆಯುವುದಕ್ಕೂ ತಿಳಿವಳಿಕೆ ಬೇಕು. ಬೊಮ್ಮನಹಳ್ಳಿಯ ಅಂಗಿ ಹೆಚ್ಚು ಮಾರಾಟವಾದರೆ ಹೊಲಿದವಳ ಕೂಲಿ ಏರುವುದೆ? ಕೊಡಗಿನ ಅರಾಬಿಕಾ, ಚಿಕ್ಕಮಗಳೂರಿನ ಅರಾಬಿಕಾಗಳಿಗೆ ೨೦೧೯ರಲ್ಲಿ ದೊರೆತ ಭೌಗೋಳಿಕ ಗುರುತು ಪರದೇಶದ ಅಂಗಡಿಯಲ್ಲಿಯೂ ಮನ್ನಣೆ ಪಡೆಯುವುದೆ? ಇಂಥ ಪ್ರಶ್ನೆಗಳನ್ನು ಕೇಳಬೇಕಾದ ಸ್ಥಳ ಶಾಸನಸಭೆ. ಕೇಳಬೇಕಾದ ಕಾಲ ಸಹಿಗೆ ಮುಂಚೆ.

ಮೂರನೆಯ ಆಕ್ಷೇಪ ಬಾಯಲ್ಲಿ ಬರುವುದಿಲ್ಲ, ಉದಾಸೀನದಲ್ಲಿ ಕಾಣುತ್ತದೆ. ದಕ್ಷಿಣ ಬೆಂಗಳೂರಿನ ವಿದ್ಯಾವಂತ ಮನೆಗಳಿಗೆ ವ್ಯಾಪಾರ ಒಪ್ಪಂದವೆಂದರೆ ಎಷ್ಟು ವೀಸಾ ದೊರೆಯುವುದೆಂಬ ಒಂದೇ ಪ್ರಶ್ನೆ. ಮಕ್ಕಳ ಭವಿಷ್ಯದ ಚಿಂತೆ ತಪ್ಪಲ್ಲ. ಆದರೆ ಅದೇ ಮನೆಗಳ ಅಜ್ಜಂದಿರು ಹಾಸನದಿಂದಲೋ ಮಂಡ್ಯದಿಂದಲೋ ಕೋಲಾರದಿಂದಲೋ ಬಂದವರು. ತೋಟದ, ಗೂಡಿನ, ಹಾಲಿನ ಹಣದಿಂದ ಮಕ್ಕಳನ್ನು ಓದಿಸಿದವರು. ಓದಿ ಮೇಲೆ ಬಂದ ಕುಲವು ತನ್ನ ಓದಿಗೆ ಹಣ ಕೊಟ್ಟ ನೆಲದ ಪರವಾಗಿ ಒಂದು ಕರಡನ್ನು ಓದಿ ನೋಡದಿದ್ದರೆ, ಆ ಓದಿನ ಪ್ರಯೋಜನವೇನು? ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತವರ ಸಾಲಿಗೆ ಬ್ರಿಟನ್ನನ್ನು ಸೇರಿಸಿ ನಿಂದಿಸುವವರು ಮೊದಲು ತಮ್ಮ ಅಂಬಿಗನನ್ನು ನೆನೆಯಲಿ.

ಐರೋಪ್ಯ ಒಕ್ಕೂಟದೊಡನೆ ಭಾರತದ ಮಾತುಕತೆ ೨೦೦೭ರಲ್ಲಿ ತೊಡಗಿ, ೨೦೧೩ರಲ್ಲಿ ನಿಂತು, ೨೦೨೨ರಲ್ಲಿ ಮತ್ತೆ ತೊಡಗಿತು. ಇಂಥವು ಇನ್ನೂ ಹಲವು ಬರಲಿವೆ. ಪ್ರತಿಯೊಂದು ಒಪ್ಪಂದದ ಕರಡೂ ಕರ್ನಾಟಕದ ಬೆಳೆಗಳಿಗೆ ಸಂಬಂಧಿಸಿದಷ್ಟರ ಮಟ್ಟಿಗೆ ವಿಧಾನಮಂಡಲದ ಮುಂದೆ ಬರಬೇಕು. ಕಾಫಿ, ರೇಷ್ಮೆ, ಹಾಲಿನ ಸಂಘಗಳ ಹೇಳಿಕೆಯನ್ನು ಬರವಣಿಗೆಯಲ್ಲಿ ಪಡೆದು ಕೇಂದ್ರಕ್ಕೆ ಕಳುಹಿಸಬೇಕು. ಅಂತರರಾಜ್ಯ ಪರಿಷತ್ತಿನಲ್ಲಿ ಅದಕ್ಕೆ ಉತ್ತರ ದೊರೆಯಬೇಕು. ಓಟು ಕೇಳಿಕೊಂಡು ಮನೆಬಾಗಿಲಿಗೆ ಬರುವವರು ರಸ್ತೆಯ ಗುಂಡಿಯ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡೇ ಬರುತ್ತಾರೆ. ಈ ಪ್ರಶ್ನೆಯನ್ನೂ ಅವರು ಎದುರಿಸಲಿ. ಲಂಡನ್ನು, ಬ್ರಸೆಲ್ಸುಗಳು ತಂತಮ್ಮ ರೈತರ ಹಿತವನ್ನು ಕಾಯ್ದುಕೊಳ್ಳುವುದನ್ನು ಕಲಿತಿವೆ. ಅವರ ಮೇಲೆ ಕೋಪಗೊಳ್ಳುವ ಕಾರಣವಿಲ್ಲ. ಅವರಂತೆ ಮಾಡುವ ಕಾರಣ ಬೇಕಾದಷ್ಟಿದೆ.